ಇಡ್ಲಿ ಕುಕ್ಕರಿಗೆ ಹೋದ ಕೌದಿ

ಬೆಳಗಾವಿಯ ಹಿಂದವಾಡಿಯಲ್ಲಿ ಯಾವ ಸಾಮಾನಿಗೂ ಪೂರಾ ಬೆಲೆ ಕೊಡದ ಮನುಷ್ಯ ಒಬ್ಬನಿದ್ದರೆ ಅದು ನಾನು. ಜಂಬಕ್ಕೆ ಹೇಳುತ್ತಿಲ್ಲ, ಇದು ವಸ್ತುಸ್ಥಿತಿ! ಸೇವೆಯುದ್ದಕ್ಕೂ ಹೈಸ್ಕೂಲಿನ ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸಿದವನು ನಿವೃತ್ತಿಯಾದ ಮೇಲೆ ಆ ವಿದ್ಯೆಯನ್ನು ಎಲ್ಲಿ ಹಾಕಬೇಕು? ಫೋನಿಗೆ ಹಾಕಿದೆ. ಬೆಳಗಿನ ಚಹಾದ ಜೊತೆ ಮಂದಿ ಸುದ್ದಿ ಓದುತ್ತಾರೆ, ನಾನು ಆಫರ್ ಓದುತ್ತೇನೆ. ‘ಕೊನೆಯ ಎರಡು ಮಾತ್ರ ಉಳಿದಿವೆ’ ಎಂದು ಕಂಡರೆ ನನ್ನ ಕರುಳು ಚುರ್ ಅನ್ನುತ್ತದೆ. ಪಾಪ, ನಾನೂ ಕೈಬಿಟ್ಟರೆ ಆ ಎರಡರ ಗತಿ ಏನು?

ಹೀಗೆ ನಾನು ಉದ್ಧಾರ ಮಾಡಿದ ಸಾಮಾನುಗಳೆಲ್ಲ ಅಡುಗೆಮನೆಯ ಅಟ್ಟದ ಮೇಲೆ ನೆಮ್ಮದಿಯಾಗಿವೆ. ಸೌತೆಕಾಯಿಯನ್ನು ಹೂವಿನಂತೆ ಕತ್ತರಿಸುವ ಯಂತ್ರವಿದೆ. ಅದು ಕತ್ತರಿಸಿದ್ದು ಒಂದೇ ಸಲ, ಅದೂ ನನ್ನ ಬೆರಳನ್ನು. ಎಲ್ಲಕ್ಕೂ ಮುಂದೆ, ಡಬ್ಬಿಯಿಂದ ಹೊರಗೇ ಬಾರದೆ ಕೂತಿರುವುದು ತತ್ತಿ ಕುದಿಸುವ ಯಂತ್ರ. ಅದು ಮನೆಗೆ ಬಂದ ದಿನ ನನ್ನ ಹೆಂಡತಿ ಪದ್ಮಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಅಲ್ರಿ, ನಾವು ಜೈನರು. ಈ ಮನ್ಯಾಗ ತತ್ತಿ ಕುದಸವ್ರು ಯಾರು?”

“ಅರ್ಧಾ ರೇಟಿಗೆ ಬಂತು, ಪದ್ಮಾ!”

“ಪುಕಟ ಬಂದ್ರೂ ತತ್ತಿ ತತ್ತೀನ!”

ಪದ್ಮಾ ಬಯ್ಯುವುದರಲ್ಲಿ ಜಾಣೆ. ಅವಳು ಬಯ್ದರೆ ಮನೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಅರ್ಥ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅವಳಿಗಿರುವ ಒಂದೇ ಹವ್ಯಾಸ ಕೌದಿ ಹೊಲಿಯುವುದು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಉದ್ದಕ್ಕೆ ಸಾಲು ಸಾಲಾಗಿ ಕೈಹೊಲಿಗೆ ಹಾಕುತ್ತಾಳೆ. ಹೆಂಡತಿಯ ಹವ್ಯಾಸಕ್ಕೆ ನೆರವಾಗದವನು ಎಂಥ ಗಂಡ? ಸೂಜಿಗೆ ದಾರ ಪೋಣಿಸುವ ಯಂತ್ರವನ್ನು, ಒಂದಕ್ಕೆ ಒಂದು ಉಚಿತ ಎಂದು, ಜೋಡಿಯಾಗಿ ತರಿಸಿದೆ. ಅಂಗೈಯಗಲದ ಹೊಲಿಗೆ ಯಂತ್ರವೊಂದನ್ನೂ ತರಿಸಿದೆ. ಅದರ ಶಕ್ತಿ ತೋರಿಸಲು ಹೋಗಿ ನಾನು ಉಟ್ಟ ಲುಂಗಿಯನ್ನೇ ಮಂಚದ ಚಾದರಕ್ಕೆ ಹೊಲಿದುಬಿಟ್ಟೆ. ಆ ಹೊತ್ತಿಗೆ ಸರಿಯಾಗಿ ಯಾರೋ ಬಾಗಿಲ ಗಂಟೆ ಬಾರಿಸಿದರು! ಚಾದರದ ಸಮೇತ ಹೋಗಿ ಬಾಗಿಲು ತೆರೆದೆ. ಬಂದವರು ಬಂದ ಹಾಗೇ ತಿರುಗಿ ಹೋದರು.

ಪದ್ಮಾಳ ಕೈಯಲ್ಲಿ ಆಗ ಇದ್ದದ್ದು ಅವಳ ಅವ್ವನ ಕೌದಿ. ನಮ್ಮ ಅತ್ತೆ ವಡಗಾವಿಯ ಮಗ್ಗದ ಓಣಿಯವರು. ಉಟ್ಟು ಉಟ್ಟು ಮೆತ್ತಗಾದ ತಮ್ಮ ಸೀರೆಗಳನ್ನೆಲ್ಲ ಕೂಡಿಸಿ ಮಗಳಿಗಾಗಿ ಒಂದು ಕೌದಿ ಹಿಡಿದಿದ್ದರು. ಅರ್ಧ ಹೊಲಿಯುವಷ್ಟರಲ್ಲಿ ಹಾಸಿಗೆ ಹಿಡಿದರು. ಮತ್ತೆ ಏಳಲಿಲ್ಲ. ಆ ಅರ್ಧ ಕೌದಿಯನ್ನು ಪದ್ಮಾ ಮನೆಗೆ ತಂದಳು. ರವಿವಾರ ಊಟವಾದ ಮೇಲೆ ಕಿಡಕಿಯ ಬಾಜು ಕೂತು ಒಂದು ಸಾಲು ಹೊಲಿಯುವಳು. ಒಂದೇ ಸಾಲು. ನಂತರ ಮಡಚಿ, ಹಳೆಯ ಚಾದರದಲ್ಲಿ ಗಂಟು ಕಟ್ಟಿ, ಮಂಚದ ಕೆಳಗೆ ಇಟ್ಟುಬಿಡುವಳು.

ಗಣಿತದ ಮಾಸ್ತರನಿಗೆ ಇಂಥ ವೇಗ ಸಹನೆಯಾಗುತ್ತದೆಯೇ? “ಹಿಂಗಾದ್ರ ಇದು ಯಾವಾಗ ಮುಗೀತೈತಿ?” ಎಂದು ಕೇಳಿದ್ದೆ.

“ಮುಗಸ್ಬೇಕಂತ ಯಾರ ಹೇಳ್ಯಾರ?” ಎಂದಿದ್ದಳು, ತಲೆಯೆತ್ತದೆ. ಸೋಮಾರಿತನಕ್ಕೆ ಒಳ್ಳೆಯ ಉತ್ತರ ಕಂಡುಕೊಂಡಿದ್ದಾಳೆ ಎಂದು ನಾನು ನಕ್ಕಿದ್ದೆ.

ಅವಳ ತಂಗಿಗೆ ಆಪರೇಶನ್ ಆಯಿತು. ಪದ್ಮಾ ಧಾರವಾಡಕ್ಕೆ ಹೋಗಿ ತಿಂಗಳೊಪ್ಪತ್ತು ಅಲ್ಲೇ ಉಳಿದಳು. ಅವಳು ಹೋದ ಹೊಸತರಲ್ಲೇ ಓಣಿಯಲ್ಲಿ ಆ ಕೂಗು ಕೇಳಿಸಿತು: “ಭಾಂಡೇ! ಹಳೇ ಅರಬೀಗೆ ಭಾಂಡೇ!”

ತಲೆಯ ಮೇಲೆ ಪಾತ್ರೆಯ ಬುಟ್ಟಿ, ಬೆನ್ನಿಗೆ ಹಳೆಯ ಬಟ್ಟೆಯ ಗಂಟು, ಖಾನಾಪುರದಿಂದ ಬರುವ ಶೇವಂತಾ. ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವ ಇವಳ ಸಂಗಡ ವ್ಯವಹಾರ ಯಾವಾಗಲೂ ಹೆಂಗಸರದು. ಹೆಂಗಸರು ಮೋಸ ಹೋಗುತ್ತಾರೆಂದು ನನಗೆ ಮೊದಲಿನಿಂದಲೂ ಗುಮಾನಿ. ಇವತ್ತು ತೋರಿಸಿಯೇ ಬಿಡೋಣ ಎಂದು ಅಂಗಳಕ್ಕೆ ಇಳಿದೆ.

ಬುಟ್ಟಿಯಲ್ಲಿ ಒಂದು ಇಡ್ಲಿ ಕುಕ್ಕರ್ ಫಳಫಳ ಹೊಳೆಯುತ್ತಿತ್ತು. ನನ್ನ ಹಳೆಯ ಪ್ಯಾಂಟುಗಳನ್ನು ತಂದು ಸುರಿದೆ. ಶೇವಂತಾ ಒಂದೊಂದನ್ನೇ ಬೆಳಕಿಗೆ ಹಿಡಿದು, ತೂತಿನಲ್ಲಿ ಬೆರಳು ತೂರಿಸಿ, ನನ್ನ ಮುಖ ನೋಡಿದಳು.

“ಇಷ್ಟಕ್ಕ ಒಂದ ವಾಟಿ ಬರ್ತೈತ್ರಿ, ಸಾಹೇಬ್ರ.”

“ವಾಟಿ? ಬರೇ ಒಂದ ಬಟ್ಟಲಾ? ಮುಚ್ಚಳ ಸಮೇತ ಕುಕ್ಕರ ಕೊಡ!”

“ಇನ್ನೊಂದೀಟ ಅರಬಿ ಹಾಕ್ರಿ ಮತ್ತ.”

ಅಂಗಿ ತಂದೆ. “ಇನ್ನೊಂದೀಟ.” ಸ್ವೆಟರ್ ತಂದೆ. “ಇನ್ನೊಂದೀಟ.” ನನಗೂ ಹಟ ಬಂತು. ಒಳಗೆ ಹೋಗಿ ಮಂಚದ ಕೆಳಗೆ ಕೈ ಹಾಕಿದೆ. ಗಂಟೊಂದು ಸಿಕ್ಕಿತು. ಹಳೆಯ ಚಾದರವೆಂದು ಬಿಚ್ಚಿಯೂ ನೋಡದೆ ಎಳೆದು ತಂದು ಅವಳ ಮುಂದೆ ಧೊಪ್ಪೆಂದು ಹಾಕಿದೆ.

ಶೇವಂತಾ ಗಂಟಿನ ಬಾಯಿ ಸಡಿಲಿಸಿ ಇಣುಕಿದಳು. “ಸೀರಿ ಅದಾವ್ರಿ. ಮನಿ ಬಾಯಾರ್ನ ಕೇಳೀರೇನ್ರಿ?”

“ಕೇಳೂದೇನ ಅದರಾಗ? ಈ ಮನಿ ಯಜಮಾನ ನಾನ ಅದೀನಿ!”

ಆಗ ಯಜಮಾನರ ಗಮನ ಗಂಟಿನ ಕಡೆ ಇರಲಿಲ್ಲ. ಕುಕ್ಕರಿನ ಮುಚ್ಚಳ ಸರಿಯಾಗಿ ಕೂಡುತ್ತದೆಯೋ ಇಲ್ಲವೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕೂಡಿತು. ಮೇಲೆ ಒಂದು ಚಮಚವನ್ನೂ ಗಿಟ್ಟಿಸಿದೆ. ಆ ದಿನದಷ್ಟು ರುಚಿಯಾದ ಊಟ ನಾನು ಬಹಳ ದಿನ ಉಂಡಿರಲಿಲ್ಲ.

ಪದ್ಮಾ ಬಂದದ್ದು ಶನಿವಾರ. ಕುಕ್ಕರನ್ನು ಮೇಜಿನ ನಡುವೆ ಇಟ್ಟು, ಮೇಲೆ ಟವೆಲ್ ಮುಚ್ಚಿ, ತೆರೆ ಸರಿಸುವಂತೆ ಸರಿಸಿ ತೋರಿಸಿದೆ. “ಚಲೋ ಐತಿ” ಎಂದಳು. ನನಗೆ ಪದಕ ಸಿಕ್ಕಷ್ಟು ಸಂತೋಷವಾಯಿತು.

ಮರುದಿನ ರವಿವಾರ. ಊಟವಾಯಿತು. ಪದ್ಮಾ ಮಂಚದ ಕೆಳಗೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

“ಏನ್ರಿ, ಇಲ್ಲೆ ಒಂದ ಗಂಟ ಇತ್ತು.”

ನಾನು ಕುಕ್ಕರನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಆಮೇಲೆ ಅವಳೂ ಕುಕ್ಕರನ್ನು ನೋಡಿದಳು.

ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿ ಕಾದೆ. ಬಯ್ಯಲಿಲ್ಲ. ನೆಲದ ಮೇಲೇ ಕೂತಳು. “ಅವ್ವನ ಸೂಜಿ ಸೈತ ಅದರಾಗ ಇತ್ತರಿ” ಎಂದಳು, ಅಷ್ಟೇ. ಪಾತ್ರೆ ಎತ್ತಿ ಬಡಿದಿದ್ದರೂ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಸೋಮವಾರ ಖಾನಾಪುರದ ಬಸ್ಸು ಹತ್ತಿದೆವು. ಬದಲಿಗೆ ಕೊಡಲೆಂದು ಕುಕ್ಕರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ರಸ್ತೆಯ ತಗ್ಗು ಬಂದಾಗಲೆಲ್ಲ ಒಳಗಿನ ತಟ್ಟೆಗಳು ಝಣ್ ಎನ್ನುತ್ತಿದ್ದವು. ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತಿತ್ತು, ಪದ್ಮಾ ಒಬ್ಬಳನ್ನು ಬಿಟ್ಟು. ಅವಳು ಕಿಡಕಿಯ ಹೊರಗೆ ನೋಡುತ್ತಿದ್ದಳು.

ಕೇಳುತ್ತ ಕೇಳುತ್ತ ಶೇವಂತಾಳ ಮನೆ ಸಿಕ್ಕಿತು. ಅಂಗಳದ ತುಂಬ ಬೆಳಗಾವಿಯ ಬಟ್ಟೆ. ನನ್ನ ಪ್ಯಾಂಟೊಂದು ಇನ್ನೂ ಯಾರಿಗೂ ಬೇಡವಾಗಿ ಹಗ್ಗಕ್ಕೆ ತೂಗುತ್ತಿತ್ತು. ನಮ್ಮನ್ನು ಕಂಡದ್ದೇ ಅವಳು ಹಣೆ ಚಚ್ಚಿಕೊಂಡಳು.

“ನಾ ಆವತ್ತ ಸಾಹೇಬ್ರಿಗೆ ಕೇಳಿದ್ನಿರಿ, ಬಾಯಾರ! ಮನೀಗೆ ಬಂದ ಬಿಚ್ಚಿ ನೋಡಿದ್ರ ಅರ್ಧಾ ಕೌದಿ. ಮಾರಾಕ ಮನಸ ಬರಲಿಲ್ಲ. ಬಾಜೂ ಮನಿ ತಾನುಬಾಯಿ ಆಜಿಗೆ ಕೊಟ್ನಿ. ಆಕಿಗೆ ಥಂಡಿ ತಡಿಯೂದಿಲ್ಲ.”

ಬದುಕಿದೆ ಎಂದುಕೊಂಡೆ. ಹರಿದಿಲ್ಲ, ಗ್ಯಾರೇಜಿನ ಎಣ್ಣೆ ಒರೆಸಲು ಹೋಗಿಲ್ಲ, ಪಕ್ಕದ ಮನೆಯಲ್ಲಿದೆ! ಕುಕ್ಕರ್ ಬಗಲಿಗಿಟ್ಟುಕೊಂಡು ನಾನೇ ಮುಂದೆ ನಡೆದೆ.

ಬಾಗಿಲಲ್ಲಿ ಕೂತಿದ್ದ ಮುದುಕಿ ತಾನುಬಾಯಿ “ಯಾ, ಯಾ, ಬಸಾ” ಎಂದು ಮರಾಠಿಯಲ್ಲಿ ಕರೆದು, ನಮ್ಮ ಮಾತು ಕೇಳಿ ಕನ್ನಡಕ್ಕೆ ಹೊರಳಿದಳು. ಒಳಗಿನ ಕಾಟಿನ ಮೇಲೆ ಕೌದಿ ಹಾಸಿತ್ತು. ಪೂರಾ ಕೌದಿ. ನಾಲ್ಕೂ ಅಂಚು ಮಡಚಿ, ಕೊನೆಯ ಸಾಲಿನ ತನಕ ಹೊಲಿದು ಮುಗಿಸಿದ ಕೌದಿ.

“ಅರ್ಧಾ ಬಿಡಬಾರ್ದವ್ವ, ಉಪಾಸ ಇರ್ತೈತಿ” ಎಂದಳು ತಾನುಬಾಯಿ. “ನಾನು, ನನ್ನ ಸೊಸ್ತೇರು ಕೂಡಿ ಕುಂತ ಮುಗಸಿದಿವಿ. ಮೂಲ್ಯಾಗ ಚಪಾತಿ ಬೆಲ್ಲ ಇಟ್ಟ ಹೊಲದೇನಿ. ಹೊಟ್ಟಿ ತುಂಬೇತಿ ಅದರದು.”

ಕೌದಿಯ ಕೊನೆಯ ಮೂಲೆಯಲ್ಲಿ ತಿನ್ನುವುದೇನಾದರೂ ಚೂರು ಇಟ್ಟು ಹೊಲಿಯುವುದು ಪದ್ಮಾಳ ತವರಿನಲ್ಲೂ ಇದೆ. ಅಲ್ಲಿಗೆ ಕೌದಿ ಮುಗಿಯಿತು ಎಂದು ಅರ್ಥ.

ಪದ್ಮಾ ಕಾಟಿನ ಬಳಿ ಕೂತು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಸೂಜಿಯ ಸಣ್ಣ ಸಣ್ಣ ಟಾಕಿ. “ಇದು ಅವ್ವಂದು.” ಬೆರಳು ಸರಿಯಿತು. “ಇವಿಷ್ಟು ಸಾಲ ನಂದು.” ಮುಂದೆ ದೊಡ್ಡ ಟಾಕಿ ಶುರುವಾದಲ್ಲಿ ಬೆರಳು ನಿಂತಿತು.

ತಾನುಬಾಯಿಗೆ ಎಲ್ಲ ತಿಳಿಯಿತು. ಕೌದಿ ಮಡಚಿ ಪದ್ಮಾಳ ಮಡಿಲಿಗೆ ಹಾಕಿದಳು. “ನಿಮ್ಮ ಅವ್ವಂದು, ನಿನಗ ಸೇರಬೇಕು. ತಗೊಂಡ ಹೋಗ, ಬಾಳಾ.”

“ಇದಕ್ಕ ಏನ ಕೊಡಬೇಕ್ರಿ ಆಜಿ?” ಎಂದೆ ನಾನು.

“ಏನೂ ಬ್ಯಾಡ.”

ಆಗ ನನ್ನ ಬಾಯಿಂದ, ಇಷ್ಟು ವರ್ಷಗಳ ಅಭ್ಯಾಸಬಲದಿಂದ, ನನ್ನನ್ನು ಕೇಳದೆಯೇ ಮಾತು ಹೊರಬಿತ್ತು: “ಹಂಗಂದ್ರ ಹೆಂಗರಿ? ಸ್ವಲ್ಪ ಕಮ್ಮಿ ಮಾಡ್ರಿ!”

ಬಾಗಿಲಲ್ಲಿದ್ದ ಶೇವಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಕುಕ್ಕರಿನೊಳಗೆ ಹೊಕ್ಕು ಮುಚ್ಚಳ ಹಾಕಿಕೊಳ್ಳಬೇಕು ಅನ್ನಿಸಿತು. ಅದನ್ನು ತಾನುಬಾಯಿಯ ಮುಂದೆ ಚಾಚಿದೆ. “ನಾವು ಇಡ್ಲಿ ತಿನ್ನೂದಿಲ್ಲ” ಎಂದು ಆಕೆ ಅದನ್ನೂ ತಿರುಗಿಸಿ ಕೊಟ್ಟಳು.

ಆ ಮುದುಕಿಯನ್ನು ಥಂಡಿಯಲ್ಲಿ ಬಿಟ್ಟು ಬರುವುದು ಹೇಗೆ? ಪದ್ಮಾ ಪೇಟೆಗೆ ಹೋಗಿ ಒಳ್ಳೆಯ ಕಂಬಳಿ ಕೊಂಡು ತಂದು ಹೊದಿಸಿದಳು. ಅಂಗಡಿಯ ಮೆಟ್ಟಿಲ ಹತ್ತಿರ ನನಗೆ “ನೀವ ಹೊರಗ ನಿಂದರ್ರಿ” ಎಂದಿದ್ದಳು. ನಿಂತೆ, ಕುಕ್ಕರ್ ಹಿಡಿದುಕೊಂಡು.

ಬಸ್ಸಿನಲ್ಲಿ ಕೌದಿ ಅವಳ ಮಡಿಲಲ್ಲಿ, ಕುಕ್ಕರ್ ನನ್ನ ಮಡಿಲಲ್ಲಿ. ಸುಮ್ಮನೆ ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಸಮಾಧಾನ ಹೇಳೋಣ ಎಂದು ಬಾಯಿ ತೆರೆದೆ.

“ನೋಡ ಪದ್ಮಾ, ಒಂದ ಲೆಕ್ಕದಾಗ ಚಲೋನ ಆತು. ಕೌದಿ ಹೊಳ್ಳಿ ಬಂತು, ಕುಕ್ಕರ ಉಳೀತು, ಮ್ಯಾಲ ನೀ ವರ್ಷಗಟ್ಟಲೆ ಹೊಲಿಯೂದು ಪುಕಟ ಮುಗೀತು!”

ಆಗ ಅವಳು ಅತ್ತಳು. ಅವ್ವ ಹೋದ ದಿನವೂ ಮಂದಿಯ ಮುಂದೆ ಹಾಗೆ ಅತ್ತಿರಲಿಲ್ಲ. ಕೌದಿಯಲ್ಲಿ ಮುಖ ಮುಚ್ಚಿಕೊಂಡು, ಬಸ್ಸಿನ ಜನರ ಪರಿವೆಯಿಲ್ಲದೆ ಅತ್ತಳು.

“ಅದು ಮುಗೀಬಾರ್ದಿತ್ತರಿ” ಎಂದಳು ಕಡೆಗೆ. “ಅದಕ್ಕ ವಾರಕ್ಕ ಒಂದ ಸಾಲ ಹೊಲೀತಿದ್ನಿ. ಹೊಲಿಗಿ ಇರೂತನಾ ನಾನು ಅವ್ವ ಕೂಡಿ ಕುಂತಂಗ ಇರ್ತಿತ್ತು. ಈಗ ಖರೇನ ಹೋದ್ಲು ನಮ್ಮವ್ವ.”

ಅವಳ ಕೈ ಹಿಡಿಯೋಣವೆಂದರೆ ನನ್ನ ಎರಡೂ ಕೈಯಲ್ಲಿ ಕುಕ್ಕರ್! ಅದನ್ನು ಕೆಳಗಿಟ್ಟೆ. ಅದು ಝಣಝಣ ಎನ್ನುತ್ತ ಡ್ರೈವರನ ತನಕ ಉರುಳಿ ಹೋಯಿತು. ಹೋಗಲಿ ಎಂದು ಬಿಟ್ಟೆ. ಅವಳ ಕೈ ತಣ್ಣಗಿತ್ತು. ಬೆಳಗಾವಿ ಬಂದಾಗ ಕಂಡಕ್ಟರು ಕುಕ್ಕರನ್ನು ಹುಡುಕಿ ತಂದು ಕೊಟ್ಟ. ಬೇಡವಾದ ಸಾಮಾನು ಕಳೆಯುವುದೂ ಇಲ್ಲ ನೋಡಿ!

ಆಮೇಲೆ ಬಹಳ ದಿನ ಮನೆಯಲ್ಲಿ ಬೈಗುಳವೇ ಇರಲಿಲ್ಲ. ಆಫರುಗಳು ಬರುತ್ತಿದ್ದವು, ಎರಡೆರಡು ಮಾತ್ರ ಉಳಿಯುತ್ತಿದ್ದವು. ನಾನು ನೋಡಲಿಲ್ಲ.

ಒಂದು ರವಿವಾರ ಊಟವಾದ ಮೇಲೆ ಪದ್ಮಾ ಕೌದಿ ತೆಗೆದಳು. ಕತ್ತರಿಯ ತುದಿಯಿಂದ ಒಂದೊಂದೇ ಟಾಕಿ ಎಬ್ಬಿಸಿ ಕೊನೆಯ ಸಾಲನ್ನು ಬಿಚ್ಚಿದಳು. ಚಪಾತಿ ಬೆಲ್ಲವಿದ್ದ ಮೂಲೆಯನ್ನು ಮಾತ್ರ ಮುಟ್ಟಲಿಲ್ಲ. “ಒಂದ ಸಾಲ ಬಿಚ್ಚತೇನಿ, ಒಂದ ಸಾಲ ಹೊಲೀತೇನಿ” ಎಂದಳು, ನಾನು ಕೇಳದಿದ್ದರೂ. ಅತ್ತೆಯ ಸೂಜಿ ಕೈಗೆ ತೆಗೆದುಕೊಂಡಳು. ಅದನ್ನು ತಾನುಬಾಯಿ ಕೌದಿಯ ಮಡಿಕೆಗೆ ಚುಚ್ಚಿ ಕಳಿಸಿದ್ದಳು. ನಾನು ಓಡಿ ಹೋಗಿ ದಾರ ಪೋಣಿಸುವ ಯಂತ್ರ ತಂದೆ. ಅದು ಕಟ್ ಎಂದು ಮುರಿಯಿತು. ಉಚಿತವಾಗಿ ಬಂದದ್ದನ್ನು ತಂದೆ. ಅದೂ ಮುರಿಯಿತು. ಪದ್ಮಾ ದಾರದ ತುದಿಯನ್ನು ತುಟಿಗೆ ತಾಗಿಸಿ ಒಂದೇ ಸಲಕ್ಕೆ ಪೋಣಿಸಿದಳು.

ಅಷ್ಟರಲ್ಲಿ ಓಣಿಯಲ್ಲಿ ಕೂಗು: “ಭಾಂಡೇ! ಹಳೇ ಅರಬೀಗೆ ಭಾಂಡೇ!”

ಪದ್ಮಾಳ ಕೈ ತಟ್ಟನೆ ಕೌದಿಯ ಮೇಲೆ ಬಂತು. ನಾನು ಕೂತಲ್ಲೇ ಕಲ್ಲಾದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಿಡಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು.

“ಏ ಶೇವಂತಾ, ಇಲ್ಲೊಬ್ಬ ಯಜಮಾನ ಅದಾನ. ಇವನ್ನ ಹಾಕಿದ್ರ ಏನ ಕೊಡ್ತಿ?”

ಶೇವಂತಾ ಬುಟ್ಟಿ ಇಳಿಸಿ, ಕಿಡಕಿಯಿಂದ ಇಣುಕಿ, ಬಟ್ಟೆಯ ತೂತು ನೋಡುವ ಕಣ್ಣಿನಿಂದಲೇ ನನ್ನನ್ನು ನೋಡಿದಳು.

“ಬ್ಯಾಡ್ರಿ, ಬಾಯಾರ. ಭಾಳ ಸವದೈತಿ. ಒಂದ ಚಮಚಾನೂ ಬರೂದಿಲ್ಲ.”

ಪದ್ಮಾ ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡು, ಬಿಚ್ಚಿದ ಸಾಲಿಗೆ ಸೂಜಿ ಚುಚ್ಚಿದಳು. ಶೇವಂತಾ ಹೇಳಿದ ಬೆಲೆ ನ್ಯಾಯವಾಗಿಯೇ ಇತ್ತು. ನಾನು ಚೌಕಾಸಿ ಮಾಡಲಿಲ್ಲ.