ಕೊನೆಯ ಅಕ್ಷರ ಬಿಗಿಯಬೇಡಿ ಎಂದ ಯಂತ್ರಕ್ಕೆ

ಮಾನ್ಯ ಉಚ್ಚಾರಣೆ ತಿದ್ದುವ ಯಂತ್ರದವರೇ,

ಅಳಿಯನ ಉಡುಗೊರೆಯಾಗಿ ತಾವು ನನ್ನ ಹೊಲಿಗೆ ಮೇಜಿನ ಮೇಲೆ, ಕತ್ತರಿಗೂ ಸೀಮೆಸುಣ್ಣದ ಡಬ್ಬಿಗೂ ನಡುವೆ ಬಿಜಯಂಗೈದು ಇಂದಿಗೆ ಇಪ್ಪತ್ತಾರು ದಿನಗಳಾದವು. ಒಂದೇ ಒಂದು ಪೋರ್ಚುಗೀಸ್ ಮಾತಿಗೆ ಇನ್ನೂರ ಹದಿನಾಲ್ಕು ಸಲ ಕೆಂಪು ದೀಪ ಬೆಳಗಿಸಿ, ಅಷ್ಟೂ ಸಲ ಬೇಸರವಿಲ್ಲದ ಅದೇ ದನಿಯಲ್ಲಿ 'ಮತ್ತೊಮ್ಮೆ ಪ್ರಯತ್ನಿಸಿ' ಎಂದ ತಮ್ಮ ತಾಳ್ಮೆಗೆ ಶಿರಬಾಗಿ ವಂದಿಸುತ್ತೇನೆ. ಕಟ್ಟಿಕೊಂಡ ಗಂಡನೇ ಮೂರನೆಯ ಸಲಕ್ಕೆ ಎದ್ದು ಹೋಗಿದ್ದರು.

ಈ ವಯಸ್ಸಿನಲ್ಲಿ ನನಗೆ ಪರಭಾಷೆ ಏಕೆಂದು ತಾವು ಕೇಳಲಿಲ್ಲವಾದ್ದರಿಂದ ನಾನೇ ಅರಿಕೆ ಮಾಡಿಕೊಳ್ಳುತ್ತೇನೆ. ಮಗಳ ಮದುವೆಯ ದಿನ, ಪೋರ್ಚುಗೀಸ್ ಬಿಟ್ಟರೆ ಬೇರೆ ಮಾತು ಬಾರದ ನಮ್ಮ ಬೀಗಿತಿ ಎರಡೂ ತೋಳು ಚಾಚಿ ನನ್ನತ್ತ ಬಂದರು. ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿರುವ ನಾನು, ಯಾರಾದರೂ ತೋಳು ಚಾಚಿದರೆ ಅಳತೆಗೇ ನಿಂತರೆಂದು ತಿಳಿಯುವವಳು, ಅವರ ಕಂಕುಳ ಬಳಿ ಬಿಟ್ಟಿದ್ದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡಿ, ಸರಿಯಿಲ್ಲವೆಂದು ತಲೆಯಾಡಿಸಿಬಿಟ್ಟೆ. ಅವರು ತೋಳು ಇಳಿಸಿಕೊಂಡರು. "ಅಮ್ಮ, ಅತ್ತೆ ಆಮೇಲೆ ಅತ್ರು. ನೀನು ಅಳತೆ ನೋಡಿ ಬೇಡ ಅಂದೆ ಅಂತ ಅನ್ಸಿದೆ ಅವರಿಗೆ," ಎಂದು ಮಗಳು ಹೇಳಿದಂದಿನಿಂದ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ.

'ತಮ್ಮನ್ನು ಅಪ್ಪಿಕೊಳ್ಳಬೇಕು' ಎಂಬುದಿಷ್ಟನ್ನು ಅವರ ಭಾಷೆಯಲ್ಲಿ ಹೇಳುವ ಆಸೆಯಿಂದ ತಮಗೆ ಶರಣಾದೆ. ಅಪ್ಪಿಕೊಳ್ಳುವುದಕ್ಕೆ 'ಅಬ್ರಸಾರ್' ಎನ್ನುತ್ತಾರೆಂದೂ, ಅದರ ಬಾಲದ 'ರ್' ಕತ್ತರಿಸಿ, 'ತಮ್ಮನ್ನು' ಎಂಬರ್ಥದ 'ಲ' ಜೋಡಿಸಿದರೆ 'ಅಬ್ರಸಾಲ' ಆಗುವುದೆಂದೂ ಕಲಿಸಿದಿರಿ. ಕತ್ತರಿಸಿ ಜೋಡಿಸುವುದು ನನ್ನ ಕಸುಬೇ ಆದ್ದರಿಂದ ಹಿಗ್ಗಿ, ಅ, ಬ್ರ, ಸಾ, ಲ ಎಂದು ನಾಲ್ಕು ಕಾಗದದ ತುಂಡು ಮಾಡಿ ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿದೆ. ಒತ್ತು 'ಸಾ' ಮೇಲಿರಲಿ, 'ಲ' ಹಗುರವಾಗಿರಲಿ ಎಂದು ಅಪ್ಪಣೆಯಾಯಿತು. ಆದರೆ ಹೊಲಿಗೆಯ ತುದಿಗೆ ಗಟ್ಟಿ ಗಂಟು ಹಾಕದೆ ಎಂದೂ ಬಿಟ್ಟವಳಲ್ಲ ನಾನು. ಹುಟ್ಟುಗುಣ ಸುಟ್ಟರೂ ಹೋಗದು, ಪ್ರತಿಸಲವೂ ಆ ಕೊನೆಯ 'ಲ'ವನ್ನೇ ಬಿಗಿದೆ. "ಗುಂಡಿ ಹೊಲಿಯೋವಾಗ ದಾರ ಸ್ವಲ್ಪ ಸಡಿಲ ಬಿಡ್ತೀಯಲ್ಲ, ಹಾಗೆ ಹೇಳು," ಎಂದರು ನನ್ನವರು ಅಡುಗೆಮನೆಯಿಂದ. ಹಾಗೆಯೇ ಹೇಳಿದೆ. ತಾವು ಬಹಳ ಯೋಚಿಸಿ ಹಳದಿ ದೀಪ ದಯಪಾಲಿಸಿದಿರಿ.

ಆದಕಾರಣ ನನ್ನ ಕೋರಿಕೆಗಳು ಸಣ್ಣವು. ಪೋರ್ಚುಗೀಸ್ ಆಡುವವರೆಲ್ಲ ನಾಳೆಯಿಂದ 'ಲ'ವನ್ನೇ ಒತ್ತಬೇಕೆಂದು ಒಂದು ಆಜ್ಞೆ ಹೊರಡಿಸಿ. ಅದಾಗದಿದ್ದರೆ ತಾವೂ ಒಮ್ಮೆ ಮಗಳನ್ನು ಮದುವೆ ಮಾಡಿಕೊಟ್ಟು ನೋಡಿ. ತಮಗೊಂದು ಜೊತೆ ತೋಳು ನಾನೇ ಹೊಲಿದುಕೊಡುತ್ತೇನೆ, ಅಳತೆ ಮಾತ್ರ ತಾವು ಕೊಡಬೇಕು.

ನಿನ್ನೆ ಮಗಳೊಂದಿಗೆ ಬೀಗಿತಿ ಬಂದರು. ಎರಡೂ ಕೈಗಳಿಂದ ಚೀಲ ಬಿಗಿಹಿಡಿದು ಬಾಗಿಲಲ್ಲೇ ನಿಂತರು. ಕೊರಳಲ್ಲಿದ್ದ ಅಳತೆಪಟ್ಟಿ ತೆಗೆದಿಟ್ಟು ನಾನು ಬಾಯಿ ತೆರೆದೆ. 'ಸಾ'ವರೆಗೆ ಬಂದಿದ್ದೆನಷ್ಟೆ, ಅವರ ಚೀಲ ನೆಲಕ್ಕೆ ಬಿತ್ತು. ಉಳಿದ 'ಲ' ಅವರ ಭುಜದಲ್ಲಿ ಹುದುಗಿಹೋಯಿತು. ಅದನ್ನು ಅಷ್ಟು ಹಗುರವಾಗಿ ನಾನು ಹೇಳಿದ್ದು ಅದೇ ಮೊದಲು.

ತಮ್ಮ ವಿಶ್ವಾಸಿ,
ಇನ್ನೂ ಹಸಿರು ದೀಪ ಕಾಣದ ದರ್ಜಿ

ಮರೆತ ಮಾತು: ಮೇಜಿನ ಮೇಲಿಂದ ತಾವು ಆಗಲೂ, 'ಕೊನೆಯ ಅಕ್ಷರ ಕೇಳಿಸಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ' ಎಂದಿರಿ. ಮಗಳು ಅದನ್ನು ಬೀಗಿತಿಗೆ ತಿಳಿಯಹೇಳಿದಳು. ಇಪ್ಪತ್ತಾರು ದಿನಗಳಲ್ಲಿ ತಾವು ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ, ಮತ್ತೊಮ್ಮೆ ಪ್ರಯತ್ನಿಸಿದೆವು.