ಒಂಬತ್ತು ಊರಿನ ದೊರೆಯ ಕರೆಯೋಲೆ

ನಮ್ಮ ಕಾಕಾ ಒಂಬತ್ತು ಊರುಗಳ ದೊರೆಯಾಗಿದ್ದ. ನಗಬೇಡಿ, ಸುಳ್ಳಲ್ಲ! ಅವನ ಕೈಕೆಳಗೆ ಎರಡು ಸಾವಿರ ಈಟಿಯವರು, ಆರುನೂರು ಕುದುರೆ, ಕೋಟೆ ಬಾಗಿಲು ಮುರಿಯುವ ದಿಮ್ಮಿಗಳು, ಎಲ್ಲ ಇದ್ದವು. ಇಲ್ಲದ್ದು ಒಂದೇ, ಸೈಕಲ್ಲಿಗೆ ಬ್ರೇಕು. ದಾಂಡೇಲಿಯ ಇಳಿಜಾರಿನಲ್ಲಿ ಚಪ್ಪಲಿಯನ್ನು ನೆಲಕ್ಕೆ ಒತ್ತಿ ಸೈಕಲ್ ನಿಲ್ಲಿಸುತ್ತಿದ್ದ ಈ ಮಹಾರಾಜ ಪೇಪರ್ ಮಿಲ್ಲಿನಲ್ಲಿ ಶಿಫ್ಟಿನ ಕೆಲಸಗಾರ.

ರಾಜ್ಯ ಇದ್ದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಅಂಗಡಿಯ ಮೂರನೇ ಕಂಪ್ಯೂಟರಿನಲ್ಲಿ. ಬಿ.ಎ. ಮುಗಿಸಿದ ನಾನು ಮದುವೆ ಗೊತ್ತಾಗುವ ತನಕ ಇರಲಿ ಎಂದು ಅಲ್ಲಿ ಕೆಲಸಕ್ಕೆ ಸೇರಿದ್ದೆ. ಯಾವುದೋ ಅರ್ಜಿ ನಮೂನೆ ಬೇಕೆಂದು ಬಂದ ಕಾಕಾ ಪಕ್ಕದವನ ಪರದೆಯ ಮೇಲೆ ಕೋಟೆ ಕಂಡವನೇ ಅಲ್ಲೇ ನಿಂತುಬಿಟ್ಟ. ಅದು ದೇಶದೇಶದ ಜನ ಸೇರಿ ಆಡುವ ಹಳೆಗಾಲದ ಯುದ್ಧದ ಆಟ. ಊರು ಕಟ್ಟಬೇಕು, ಗೋದಿ ಬೆಳೆಯಬೇಕು, ದಂಡು ಕೂಡಿಸಿ ನೆರೆಯವನ ಮೇಲೆ ಬೀಳಬೇಕು. ಕಳಿಸಿದ ದಂಡು ಮುಟ್ಟುವುದಕ್ಕೆ ನಿಜವಾಗಿಯೇ ಏಳೆಂಟು ತಾಸು ಹಿಡಿಯುತ್ತಿತ್ತು. ಶಿಫ್ಟಿನವರಿಗೆ ಹೇಳಿ ಮಾಡಿಸಿದಂಥ ಆಟ! ಸೆಕೆಂಡ್ ಶಿಫ್ಟಿಗೆ ಹೋಗುವ ಮುಂಚೆ ಕುದುರೆ ಬಿಟ್ಟು, ಮರುದಿನ ಬೆಳಿಗ್ಗೆ ಬಂದು ಲೂಟಿ ಎಣಿಸುತ್ತಿದ್ದ.

ಕಾಕಾನಿಗೆ ಇಂಗ್ಲಿಷ್ ಬಾರದು. ಹೀಗಾಗಿ ಅವನ ರಾಯಭಾರಿ, ಗುಮಾಸ್ತೆ, ಬೆರಳಚ್ಚುಗಾರ್ತಿ ಎಲ್ಲ ನಾನೇ. ಅವನು ಹೇಳುತ್ತಿದ್ದ, ನಾನು ಹರಕು ಇಂಗ್ಲಿಷಿನಲ್ಲಿ ಹೊಡೆಯುತ್ತಿದ್ದೆ. ಒಮ್ಮೆ ಪೋಲೆಂಡ್ ದೇಶದ ಒಬ್ಬ ರಾಜ ನಮ್ಮ ಗೋದಿಯನ್ನೆಲ್ಲ ದೋಚಿದ. ಬೇರೆಯವರಾಗಿದ್ದರೆ ಬೈದು ಬರೆಯುತ್ತಿದ್ದರು. ಕಾಕಾ ಬರೆಸಿದ ಪತ್ರ ಶುರುವಾದದ್ದು ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’ ಎಂದು. ಆಮೇಲೆ ಮನೆಯ ಹಿರಿಯರ ಆರೋಗ್ಯ ವಿಚಾರಣೆ, ನಮ್ಮಲ್ಲಿ ಮಳೆ ಹೇಗಿದೆ ಎಂಬ ವರದಿ. ಕೊನೆಯ ಸಾಲಿನಲ್ಲಿ ಮಾತ್ರ, ನಿನ್ನೆ ನಿಮ್ಮ ಕುದುರೆಗಳು ಬಂದಾಗ ನಾನು ಡ್ಯೂಟಿ ಮೇಲಿದ್ದೆ, ಮುಂದಿನ ವಾರ ಫಸ್ಟ್ ಶಿಫ್ಟ್ ಇದೆ, ಮಧ್ಯಾಹ್ನದ ಮೇಲೆ ಬಂದರೆ ಎದುರಾಬದುರಾಗಿ ಕಾದಾಡಬಹುದು ಎಂಬ ವಿನಂತಿ! ನಾನು ನಾಚಿಕೆಯಿಂದಲೇ ಕಳಿಸಿದೆ. ಆ ಪುಣ್ಯಾತ್ಮ ಒಪ್ಪಿಕೊಂಡನಲ್ಲ! ಅಂದಿನಿಂದ ಪೋಲೆಂಡಿನ ದಾಳಿಗಳೆಲ್ಲ ದಾಂಡೇಲಿಯ ಶಿಫ್ಟಿನ ಪ್ರಕಾರ ನಡೆದವು. ಪ್ರತಿ ದಾಳಿಯ ಹಿಂದೆಯೇ, ನಿಮ್ಮ ಮೊಣಕಾಲು ನೋವು ಈಗ ಹೇಗಿದೆ ಎಂಬ ಪತ್ರವೂ ಬರುತ್ತಿತ್ತು.

ಇಷ್ಟು ದೊಡ್ಡ ರಾಜಕಾರಣಿ ತನ್ನ ಒಡಹುಟ್ಟಿದ ಅಣ್ಣನ ಜೊತೆ, ಅಂದರೆ ನಮ್ಮ ಅಪ್ಪನ ಜೊತೆ, ನಾಲ್ಕು ವರ್ಷದಿಂದ ಒಂದು ಮಾತೂ ಆಡಿರಲಿಲ್ಲ. ಇಬ್ಬರ ಮನೆಯೂ ದಾಂಡೇಲಿಗೆ ಅಂಟಿದ ಅಂಬೇವಾಡಿಯಲ್ಲೇ, ನಡುವೆ ಎರಡು ಓಣಿ. ಜಗಳದ ಕಾರಣ ನನ್ನ ಅಕ್ಕನ ಮದುವೆ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಗಂಡಹೆಂಡತಿ ಕೂಡಿ ಮನೆಗೆ ಹೋಗಬೇಕು, ಕುಂಕುಮ ಹಚ್ಚಬೇಕು, ಅಕ್ಷತೆ ಕೊಡಬೇಕು, ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಅಪ್ಪ ಊರಿಗೆಲ್ಲ ಹಾಗೆ ಹೋಗಿ ಕರೆದ. ಕಾಕಾನಿಗೆ ಮಾತ್ರ ಮಿಲ್ಲಿನವರೊಬ್ಬರ ಕೈಯಲ್ಲಿ ಪತ್ರಿಕೆ ಕಳಿಸಿದ. ಕಾಕಾ ಬರಲಿಲ್ಲ. ಸ್ವಂತ ತಮ್ಮ, ಮನೆಯವನು, ಮನೆಯವರನ್ನು ಯಾರಾದರೂ ಕುಂಕುಮ ಹಚ್ಚಿ ಕರೆಯುತ್ತಾರೆಯೇ ಎಂಬುದು ಅಪ್ಪನ ವಾದ. ಕರೆಯದ ಮನೆಗೆ ಹೋಗಲು ನಾನೇನು ಭಿಕಾರಿಯೇ ಎಂಬುದು ಕಾಕಾನ ವಾದ. ನನಗಂತೂ ಇಬ್ಬರ ಮೇಲೂ ಸಿಟ್ಟಿತ್ತು, ಯಾಕೆಂದರೆ ಮುಂದಿನ ಮದುವೆ ನನ್ನದು.

ಕರೆಯುವ ವಿಷಯದಲ್ಲಿ ಕಾಕಾನ ನಿಷ್ಠೆ ಆಟದಲ್ಲೂ ಸಡಿಲಾಗಲಿಲ್ಲ. ಅಲ್ಲಿ ಬೇರೆ ರಾಜರನ್ನು ನಮ್ಮ ಪಂಗಡಕ್ಕೆ ಸೇರಿಸಿಕೊಳ್ಳಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಕಾಕಾ ಒತ್ತಲೊಲ್ಲ! “ಗುಂಡಿ ಒತ್ತಿ ಕರದ್ರ ಮರ್ಯಾದಿ ಇದ್ದಾವ್ರು ಯಾರ ಬರ್ತಾರ?” ಎಂದ. ಬ್ರೆಜಿಲಿನವನಿಗೂ ಪತ್ರ ಹೋಗಬೇಕು, ಕೆಳಗೆ ಅವನ ಹೆಂಡತಿ, ನಮ್ಮ ಕಾಕುವಿನ ಹೆಸರೂ ಇರಬೇಕು. ಜೋಡಿಯಾಗಿ ಕರೆಯದಿದ್ದರೆ ಅದೆಂಥ ಕರೆ? ಪಾಪ, ಕಾಕುವಿಗೆ ತಾನು ಒಂಬತ್ತು ಊರಿನ ಮಹಾರಾಣಿ ಎಂಬುದೇ ಗೊತ್ತಿರಲಿಲ್ಲ.

ಎಲುಬು ಮುರಿಯುವವನು ಎಂಬ ಅರ್ಥದ ಹೆಸರಿಟ್ಟುಕೊಂಡ ಒಬ್ಬ ವೈರಿಯಿದ್ದ. ನಮ್ಮ ಎರಡು ಊರು ಸುಟ್ಟಿದ್ದ. ಒಂದು ದಿನ ಕಾಕಾ ಅವನ ಕುದುರೆಗಳನ್ನು ಹಿಡಿದುಹಾಕಿದಾಗ, ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚ ಕನ್ನಡದ ಬೈಗುಳ ಬಂತು. ಕಾಕಾನ ಮುಖ ಅರಳಿತು. ನಮ್ಮವರೇ! ವಿಚಾರಿಸಿದರೆ ಮುಂಡಗೋಡ ತಾಲೂಕಿನ ಇಂದೂರ. ವಾರದ ರಜೆಯಲ್ಲಿ, ಅವರನ್ನು ಪಂಗಡಕ್ಕೆ ಮನೆಗೇ ಹೋಗಿ ಕರೆಯಲು, ಕಾಕಾ ಕಾಕುವನ್ನು ಕರೆದುಕೊಂಡು, ತೆಂಗಿನಕಾಯಿ, ಕುಂಕುಮ ಕಟ್ಟಿಕೊಂಡು ಹಳಿಯಾಳದ ಬಸ್ಸು ಹತ್ತಿಯೇಬಿಟ್ಟ. ಅಲ್ಲಿಂದ ಮುಂದೆ ಮತ್ತೆರಡು ಬಸ್ಸು. ಪರಿಚಯದವರ ಮನೆಯಲ್ಲಿ ಶುಭಕಾರ್ಯ ಎಂದು ಕಾಕುವಿಗೆ ಹೇಳಿದ್ದ.

ಆ ಎಲುಬು ಮುರಿಯುವವನು ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು! ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮುಂಡಗೋಡಕ್ಕೆ ಬಂದು ಊರು ಸುಡುತ್ತಿದ್ದರಂತೆ. ಕಾಕು ಹಿಂದೆಮುಂದೆ ನೋಡದೆ ಅವರಿಗೆ ಕುಂಕುಮ ಹಚ್ಚಿ, ತಾನೇ ಒಯ್ದಿದ್ದ ಕುಪ್ಪಸದ ಕಣ, ಅಕ್ಕಿ, ತೆಂಗಿನಕಾಯಿ ಹಾಕಿ ಉಡಿ ತುಂಬಿದಳು. ಮುಗಿಯಿತು! ಉಡಿ ತುಂಬಿಸಿಕೊಂಡವಳು ತವರಿನ ಮಗಳಾದಳು. ಇನ್ನು ದಂಡೆತ್ತಿ ಹೋಗುವುದು ಹೇಗೆ? ಅಕ್ಕೋರು ಸುಟ್ಟ ಎರಡು ಊರನ್ನೂ ತಾವೇ ಮರ ಕಳಿಸಿ ಕಟ್ಟಿಸಿಕೊಟ್ಟರು. ಇದಕ್ಕಿಂತ ಗಟ್ಟಿಯಾದ ಒಪ್ಪಂದ ಯಾವ ಚಕ್ರವರ್ತಿ ಮಾಡಿದ್ದಾನೆ ಹೇಳಿ?

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಪತ್ರಿಕೆ ಅಚ್ಚಾದವು. ಅಪ್ಪ ಹಟ ಬಿಡಲಿಲ್ಲ. ತಾನು ಹಿರಿಯ, ತಮ್ಮನ ಹೊಸ್ತಿಲು ತುಳಿಯುವುದಿಲ್ಲ ಎಂದ. ಅವ್ವ ಅತ್ತಳು. ಇತ್ತ ನಾನು ಮೂರನೇ ಕಂಪ್ಯೂಟರಿನ ಪಕ್ಕ ಕುರ್ಚಿ ಎಳೆದುಕೊಂಡು ರಾಯಭಾರ ಹೂಡಿದೆ. “ಕಾಕಾ, ಇಬ್ಬರು ರಾಜರು ನಾಕ ವರ್ಷದಿಂದ ಮಾತ ಬಿಟ್ಟಾರ. ದೊಡ್ಡಾಂವ ಕರ್ಯಾಕ ಬರಂಗಿಲ್ಲ, ಸಣ್ಣಾಂವ ಕರೀದ ಹೋಗಂಗಿಲ್ಲ. ಏನ ಮಾಡಬೇಕು?”

ಕಾಕಾ ಪರದೆಯಿಂದ ಕಣ್ಣು ತೆಗೆಯದೆ, ಅಂಥಾ ಹೊತ್ತಿನಲ್ಲಿ ದೊಡ್ಡವನ ಮಾನ ಉಳಿಯುವ ದಾರಿಯನ್ನು ಸಣ್ಣವನೇ ಹುಡುಕಬೇಕು ಎಂದು ಶುರುಮಾಡಿದವನು ಅರ್ಧಕ್ಕೇ ನಿಂತ. ಮೌಸಿನ ಮೇಲಿದ್ದ ಕೈಯೂ ನಿಂತಿತು. ಆಮೇಲೆ ಎದ್ದು ಹೋದ. ಎರಡು ದಿನ ಬರಲಿಲ್ಲ.

ಮೂರನೆಯ ದಿನ ಅವನ ರಾಜಧಾನಿಯ ಮೇಲೆ ದೊಡ್ಡ ದಾಳಿ ಹೊರಟಿತ್ತು. ಮಧ್ಯಾಹ್ನ ಮೂರಕ್ಕೆ ಮುಟ್ಟುವುದೆಂದು ಪರದೆಯೇ ಹೇಳುತ್ತಿತ್ತು. ದಂಡಿನ ಲೆಕ್ಕವೆಲ್ಲ ಅವನ ತಲೆಯಲ್ಲೇ ಇತ್ತು, ಮೂರರೊಳಗೆ ಅವನು ಬಂದು ದಂಡು ತಿರುಗಿಸದಿದ್ದರೆ ಎರಡು ವರ್ಷದ ಕೋಟೆ ಮಣ್ಣಾಗುತ್ತಿತ್ತು. ಮಿಲ್ಲಿಗೆ ಅವನಿಗೆ ಸುದ್ದಿ ಮುಟ್ಟಿಸಿದ್ದೆ, ಫಸ್ಟ್ ಶಿಫ್ಟ್ ಎರಡಕ್ಕೇ ಬಿಟ್ಟಿತ್ತು. ಎರಡೂವರೆ ಆಯಿತು, ಕಾಕಾನ ಸುಳಿವಿಲ್ಲ. ಅವನ ಮನೆಗೆ ಓಡಿದರೆ ಬೀಗ. ನಮ್ಮ ಮನೆಗೆ ಬಂದರೆ ಬಾಗಿಲ ಹೊರಗೆ ಬ್ರೇಕಿಲ್ಲದ ಸೈಕಲ್ಲು ನಿಂತಿತ್ತು.

ಒಳಗೆ ಅಪ್ಪ ಕುರ್ಚಿಯ ಮೇಲೆ ಬಿಗಿಯಾಗಿ ಕೂತಿದ್ದ. ಎದುರಿಗೆ ಇಸ್ತ್ರಿ ಅಂಗಿಯ ಕಾಕಾ, ಹೊಸ ಸೀರೆಯ ಕಾಕು. ಕಾಕು ಅವ್ವನಿಗೆ ಕುಂಕುಮ ಹಚ್ಚಿದಳು. ಕಾಕಾ ಅಪ್ಪನ ಹಣೆಗೆ ಹಚ್ಚಿ, ಕೈಗೆ ನಾಲ್ಕು ಕಾಳು ಅಕ್ಷತೆ ಹಾಕಿ, ನನ್ನದೇ ಮದುವೆಯ ಪತ್ರಿಕೆಯನ್ನು ಎರಡೂ ಕೈಯಿಂದ ಮುಂದೆ ಹಿಡಿದ. ಅಪ್ಪ ಬೀಗರಿಗೆ ಕೊಟ್ಟಿದ್ದರಲ್ಲಿ ಒಂದನ್ನು ಅವನು ಅವರ ಕಡೆಯಿಂದ ತರಿಸಿಕೊಂಡಿದ್ದ ಎಂದು ಆಮೇಲೆ ತಿಳಿಯಿತು.

“ಅಣ್ಣಾ, ನಮ್ಮ ಮಗಳ ಲಗ್ನ ಐತಿ. ಮನಿಮಂದಿ ಎಲ್ಲಾ ಕೂಡಿ ಬರಬೇಕು.”

ಮಗಳ ತಂದೆಯನ್ನೇ ಮಗಳ ಮದುವೆಗೆ ಕರೆದವರನ್ನು ನೀವು ಕಂಡಿದ್ದೀರಾ? ಮನೆಯವನನ್ನು ಯಾರೂ ಕರೆಯುವುದಿಲ್ಲ, ನಿಜ. ಮನೆಯವನು ಕರೆಯುವವರ ಸಾಲಿನಲ್ಲಿ ನಿಲ್ಲುತ್ತಾನೆ. ಅದು ಕಾಕಾನಿಗೆ ಹೊಳೆಯಲು ನಾಲ್ಕು ವರ್ಷ ಹಿಡಿದಿತ್ತು, ನಮಗೆ ಹೊಳೆದೇ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು. ಕಾಕಾ ಅದನ್ನು ಒಮ್ಮೆ ನೋಡಿದ, ಮತ್ತೆ ಅಣ್ಣನ ಮುಖವನ್ನೇ ನೋಡುತ್ತ ನಿಂತ.

ಅಪ್ಪ ಪತ್ರಿಕೆಯನ್ನು ಹಿಂದೆಮುಂದೆ ತಿರುವಿದ. ತಾನೇ ನಿಂತು ಅಚ್ಚು ಮಾಡಿಸಿದ ಪತ್ರಿಕೆ ಅದು.

“ಅಕ್ಷತಿ ಎಷ್ಟ ಗಂಟೇಕ ಐತಿ?” ಎಂದು ಕೇಳಿದ.

“ಹನ್ನೆರಡೂವರೀಗಿ,” ಎಂದ ಕಾಕಾ. “ನೀ ಹಿಂದಿನ ದಿನಾನ ಬರಬೇಕಪಾ.”

“ಬರ್ತೇನಿ,” ಎಂದ ಅಪ್ಪ.