ಉಡಿ ತುಂಬಿಸಿಕೊಂಡು ಏಳುವ ಕ್ರಮ

ಭೂಮಿಯ ಮೇಲಿನ ಸಕಲವೂ ಒಂದಲ್ಲ ಒಂದು ದಿನ ಕೆಳಗೆ ಬರಲೇಬೇಕು. ಸಾಮ್ರಾಜ್ಯಗಳು ಬಂದಿವೆ, ಕೋಟೆಯ ಬುರುಜುಗಳು ಬಂದಿವೆ, ನಾನಿದ್ದ ಕಚೇರಿಯ ಚಾವಣಿಯ ಗಾರೆಯಂತೂ ಪ್ರತಿ ಮಳೆಗಾಲಕ್ಕೂ ತಪ್ಪದೆ ಬರುತ್ತಿತ್ತು. ಈ ಗಂಭೀರ ಸತ್ಯವನ್ನು ನಾನು ಎಂದೋ ಒಪ್ಪಿಕೊಂಡಿದ್ದೆ. ನನ್ನ ಗರ್ಭಕೋಶವೂ ಒಪ್ಪಿಕೊಂಡಿದೆ ಎಂಬುದು ಮಾತ್ರ ಒಂದು ಬೆಳಿಗ್ಗೆ ನೀರಿನ ಕೊಡ ಎತ್ತುವಾಗ ತಿಳಿಯಿತು.

ದೇವದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು ನಾನು. ಬಹುಕಾಲ ಒಂದೇ ಜಾಗದಲ್ಲಿದ್ದವರು ವರ್ಗಾವಣೆ ಬಯಸುವುದು ನನಗೆ ಹೊಸದಲ್ಲ. ಆದರೆ ಅರ್ಜಿಯನ್ನೇ ಕೊಡದೆ ಹೊರಟವರನ್ನು ನೋಡಿರಲಿಲ್ಲ. ರಾಯಚೂರಿನ ಲೇಡಿ ಡಾಕ್ಟರು ಪರೀಕ್ಷಿಸಿ, “ಜಾರ್‍ಯದ, ಖರೇ. ಆದ್ರ ಇನ್ನಾ ಹೊರಗ ಬಂದಿಲ್ರಿ. ಮೊದಲ ವ್ಯಾಯಾಮ ಮಾಡ್ರಿ, ಭಾರ ಎತ್ತಬ್ಯಾಡ್ರಿ. ಕೆಲವು ತಿಂಗಳು ನೋಡೋಣು. ಆಗಲಿಲ್ಲಂದ್ರ ಒಳಗ ಎತ್ತಿ ಹಿಡಿಯಾಕ ರಿಂಗ್ ಹಾಕೋದದ, ಆಪರೇಷನ್ ಅದ” ಎಂದರು.

ಆಪರೇಷನ್ನಿನ ಹೆದರಿಕೆ ನನಗೆ ಅಷ್ಟಿರಲಿಲ್ಲ. ಹೆದರಿಕೆಯಿದ್ದದ್ದು ಮಾನ್ವಿಯ ಬೀಗತಿ ಹಂಪಮ್ಮನವರದು. ಅವರ ಮನೆಗೆ ಕೊಟ್ಟ ನನ್ನ ಮಗಳು ಸುಜಾತಾ ಚೊಚ್ಚಲ ಬಸುರಿ. ಬಾಣಂತನ ತವರಿನಲ್ಲೇ ಎಂದು ನಾನು ಓಣಿಗೆಲ್ಲ ಸಾರಿಬಿಟ್ಟಿದ್ದೆ. ಹಂಪಮ್ಮನವರೋ, ಪ್ರತಿ ಫೋನಿನ ಕೊನೆಗೆ, “ನಿಮಗ ಆಗಂಗಿಲ್ಲಂದ್ರ ಹೇಳ್ರಿ ಅಕ್ಕಾರ, ನಮ್ಮ ಸೊಸಿ ನಮ್ಮನ್ಯಾಗೇ ಇರಲಿ” ಎನ್ನುವರು. ನನ್ನ ಒಳಗಿನ ಸುದ್ದಿ ಹೊರಬಿದ್ದರೆ ಮೊಮ್ಮಗುವಿಗೆ ನೀರೆರೆಯುವ ಅಧಿಕಾರ ಶಾಶ್ವತವಾಗಿ ಮಾನ್ವಿಗೆ ಹೋಗುತ್ತದೆ. ಆದ್ದರಿಂದ ನಾನು ಮಗಳಿಗೂ ಹೇಳದೆ ವ್ಯಾಯಾಮಕ್ಕೆ ಕುಳಿತೆ.

ವ್ಯಾಯಾಮ ಕಲಿಸಿದ ಹುಡುಗಿ ಬಹಳ ಸಂಕೋಚವಿಲ್ಲದವಳು. “ಮೇಡಂ, ಮಂದ್ಯಾಗ ಕುಂತಾಗ ವಾಯು ತಡಿತೀರಲ್ಲ, ಹಂಗ ಬಿಗಿ ಹಿಡಿದು ಮ್ಯಾಲಕ ಎಳಕೊಳ್ರಿ. ಆಮ್ಯಾಲ ಪೂರಾ ಸಡಲ ಬಿಡ್ರಿ” ಎಂದಳು. ನನಗೆ ನಗು ಬಂತು. ಸಾಹೇಬರ ಮೀಟಿಂಗುಗಳಲ್ಲಿ ನನ್ನ ಇಡೀ ಸೇವಾವಧಿ ಕಳೆದದ್ದೇ ಈ ವ್ಯಾಯಾಮದಲ್ಲಿ. ಸಡಿಲ ಬಿಡುವ ಭಾಗವೊಂದನ್ನು ಮಾತ್ರ ಅಲ್ಲಿ ಅಭ್ಯಾಸ ಮಾಡಿರಲಿಲ್ಲ. ಬಾಗಿ ಕೂಡಬಾರದು, ಮುಕ್ಕರಿಸಬಾರದು, ಶೌಚಕ್ಕೆ ಕುಳಿತಾಗ ಕಾಲ ಕೆಳಗೊಂದು ಮಣೆ ಇಟ್ಟುಕೊಳ್ಳಬೇಕು, ಉಸಿರು ಕಟ್ಟಿ ಏನನ್ನೂ ಎತ್ತಬಾರದು ಎಂದೂ ಹೇಳಿದಳು. ಏಳುವಾಗಲಂತೂ ಮೊದಲು ಬಿಗಿ, ಕೂಡಲೇ ಬಾಯಿಂದ ಉಸಿರು ಬಿಡುತ್ತ ಎದ್ದೇಳಬೇಕು.

ಯಾರಿಗೂ ಕಾಣದಂತೆ ಎಲ್ಲಿ ಬೇಕಾದರೂ ಮಾಡಬಹುದಾದ ವ್ಯಾಯಾಮ ಎಂದಿದ್ದಳು. ಅವಳಿಗೆ ನನ್ನ ಹುಬ್ಬುಗಳ ಪರಿಚಯವಿರಲಿಲ್ಲ. ಒಳಗೆ ಏನನ್ನು ಮೇಲಕ್ಕೆಳೆದರೂ ಅವು ತಾವೂ ಜೊತೆಗೆ ಏರುವವು. ನಾನು ಬಿಗಿ ಹಿಡಿದ ಗಳಿಗೆಯಲ್ಲೇ ಬದನೆಕಾಯಿಯ ದರ ಹೇಳಿದ ತರಕಾರಿಯವಳು ನನ್ನ ಮುಖ ನೋಡಿ ಬೆದರಿ, “ಯವ್ವಾ, ಅಷ್ಟ್ಯಾಕ ಗಾಬರಿ ಆಗ್ತಿ, ಕಮ್ಮಿ ಮಾಡಿ ಕೊಡ್ತೀನಿ” ಎಂದಳು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಯಂತ್ರಗಳನ್ನು ನೋಡಿಕೊಂಡು ನಿವೃತ್ತರಾದ ನಮ್ಮ ಮನೆಯವರು ಇದನ್ನು ಒಂದು ಸ್ಥಾವರವೆಂದೇ ಭಾವಿಸಿ ವಹಿಸಿಕೊಂಡರು. ನಾನು ಕುರ್ಚಿಯಿಂದ ಏಳುವ ಮೊದಲು ಪೇಪರಿನ ಹಿಂದಿನಿಂದಲೇ, “ಬಿಗಿ. ಉಸಿರು. ಹ್ಞಾಂ, ಈಗ ಏಳು. ಹುಬ್ಬು ಇಳಸು” ಎಂದು ಆಜ್ಞೆ ಬರುತ್ತಿತ್ತು.

ಅಷ್ಟರಲ್ಲಿ ಮಾನ್ವಿಯಲ್ಲಿ ಸುಜಾತಾಳ ಸೀಮಂತದ ಕುಬುಸಕ್ಕೆ ದಿನ ಗೊತ್ತಾಯಿತು. ಮಾನ್ವಿಯ ರಸ್ತೆಯನ್ನು ಬಸ್ಸಿನಲ್ಲಿ ಇಡೀ ದಾರಿ ಬಿಗಿ ಹಿಡಿದುಕೊಂಡೇ ದಾಟಿದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಹುಬ್ಬು ನೋಡಿ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಆರತಿ, ಊಟ ಎಲ್ಲ ಸುಸೂತ್ರವಾಗಿ ಮುಗಿದವು. ಹೊರಡುವಾಗ ಹಂಪಮ್ಮನವರು ಮಣೆ ಹಾಕಿದರು. ಬೀಗತಿಗೆ ಉಡಿ ತುಂಬದೆ ಕಳಿಸುತ್ತಾರೆಯೇ? ನಮ್ಮಲ್ಲಿ ಸೆರಗಿಗೆ ಐದು ಬೊಗಸೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಒಂದು ಕುಬುಸದ ಕಣ ಹಾಕಿದರೆ ಆಯಿತು. ಇದು ಅಕ್ಕಿ ವ್ಯಾಪಾರದ ಮನೆ. ಹಂಪಮ್ಮನವರು ಮೊರ ತುಂಬ ಅಕ್ಕಿ ತಂದು ಸುರಿದರು. ಮೇಲೆ ಇಡೀ ತೆಂಗಿನಕಾಯಿ ಇಟ್ಟರು. ಉಡಿ ಒಲ್ಲೆ ಎನ್ನುವುದು ಅಪಶಕುನ. ಭಾರವಾಯಿತು ಎನ್ನುವುದು ತಪ್ಪೊಪ್ಪಿಗೆ. ಎರಡೂ ಕೈಗಳಲ್ಲಿ ಸೆರಗು ಹಿಡಿದು, ನೆಲದ ಮಟ್ಟದ ಮಣೆಯ ಮೇಲೆ, ಕೆಳಗಿನ ನೆಲೆ ಭದ್ರವಿಲ್ಲದ ನಾನು ಕುಳಿತಿದ್ದೆ.

ಆಗ ಪಡಸಾಲೆಯ ಗಂಡಸರ ನಡುವಿನಿಂದ ನಮ್ಮವರ ಧ್ವನಿ ಮೊಳಗಿತು: “ಬಿಗಿ! ಉಸಿರು! ಉಸಿರು ಬಿಡು!”

ಯಾರದೋ ಜೀವ ಹೋಗುತ್ತಿದೆಯೆಂದು ಇಡೀ ಮನೆ ಓಡಿಬಂತು. ಒಬ್ಬರು ನೀರು ತಂದರು, ಇನ್ನೊಬ್ಬರು ಬೀಸಣಿಕೆ. ನಾನು ಬಿಗಿ ಹಿಡಿದು, ಹುಬ್ಬೇರಿಸಿ, ‘ಫೂ’ ಎಂದು ದೀಪವೇ ಆರುವಂತೆ ಉಸಿರು ಬಿಡುತ್ತ ಎದ್ದು ನಿಂತೆ. ಹಂಪಮ್ಮನವರು ಕಣ್ಣರಳಿಸಿ, “ಇದೇನ್ರಿ ಅಕ್ಕಾರ, ಹಿಂಗ?” ಎಂದರು.

“ನಮ್ಮ ದೇವದುರ್ಗದ ಕಡಿ ಪದ್ಧತಿರೀ” ಎಂದೆ. “ಉಡಿ ತುಂಬಿದ ಮ್ಯಾಲ ಕೆಟ್ಟ ದೃಷ್ಟಿ ಊದಿ ಕಳಿಸಿ ಏಳಬೇಕು.”

ಸರ್ಕಾರಿ ನೌಕರಿಯಲ್ಲಿದ್ದವಳ ಮಾತು, ಯಾರೂ ಸಂಶಯಿಸಲಿಲ್ಲ. ಮುಂದೆ ಮಣೆಗೆ ಕುಳಿತ ಪ್ರತಿ ಮುತ್ತೈದೆಯೂ ‘ಫೂ’ ಎನ್ನುತ್ತ ಎದ್ದಳು. ಒಬ್ಬಾಕೆ ಉತ್ಸಾಹದಲ್ಲಿ ಕುಂಕುಮದ ಬಟ್ಟಲನ್ನೇ ಊದಿ ಎದುರಿನವರ ಮುಖ ಕೆಂಪು ಮಾಡಿದಳು.

ನನ್ನ ಉಡಿಯ ಅಕ್ಕಿಯನ್ನು ನಮ್ಮವರ ಚೀಲಕ್ಕೆ ಸುರಿದ ಕೂಡಲೇ ಹಂಪಮ್ಮನವರು ನನ್ನ ಕೈ ಹಿಡಿದು ಅಕ್ಕಿ ಮೂಟೆಗಳಿದ್ದ ಕೋಣೆಗೆ ಎಳೆದೊಯ್ದು ಬಾಗಿಲು ಮುಂದೆ ಮಾಡಿದರು. ಮೊಮ್ಮಗು ಕೈತಪ್ಪಿತು ಎಂದುಕೊಂಡೆ.

“ಖರೇ ಹೇಳ್ರಿ. ಪದ್ಧತಿನೂ ಅಲ್ಲ, ಏನೂ ಅಲ್ಲ. ನಿಮ್ಮದೂ ಇಳದದ ಹೌದಿಲ್ಲ?”

ನನಗೆ ಕೇಳಿಸಿದ್ದು ಆ ‘ಊ’ ಅಕ್ಷರ. “ನಿಮ್ಮದೂ?”

“ನಂದು ಸಣ್ಣ ಮಗ ಹುಟ್ಟಿದಾಗಿಂದರೀ. ಅರಿವಿ ಬಿಗದು ಕಟ್ಟಿಕೊಂಡು ತಿರಗ್ಯಾಡಾಕತ್ತೀನಿ. ಯಾರ ಮುಂದ ಹೇಳ್ಲಿ? ಈ ಬಾಣಂತನ ನನ್ನ ಕೊಳ್ಳಿಗಿ ಬಿದ್ರ ಹೆಂಗಪಾ ಅಂತ ದಿನಾ ದೇವರಿಗೆ ಕೈ ಮುಗಿಯಾಕತ್ತಿದ್ದೆ.”

“ಮತ್ತ ಫೋನಿನ್ಯಾಗ ಸೊಸಿ ಇಲ್ಲೇ ಇರಲಿ ಅಂತಿದ್ರಿ!”

“ಅನ್ನದಿದ್ರ ಮಂದಿ ಏನಂತಾರ್ರೀ?” ಎಂದರು ಹಂಪಮ್ಮ, ನನ್ನ ದಡ್ಡತನಕ್ಕೆ ಬೇಸರಪಟ್ಟು.

ಅಲ್ಲೇ ಎರಡು ಸ್ಟೂಲು ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕುಳಿತೆವು. ಬಿಗಿ ಹಿಡಿಯುವುದನ್ನೂ ಸಡಿಲ ಬಿಡುವುದನ್ನೂ ಹೇಳಿಕೊಟ್ಟು, ಇಷ್ಟು ದಿನದ್ದು ವ್ಯಾಯಾಮಕ್ಕಷ್ಟೇ ಬಗ್ಗುವುದಿಲ್ಲ, ಡಾಕ್ಟರಿಗೆ ತೋರಿಸಲೇಬೇಕು ಎಂದೂ ಹೇಳಿದೆ. ಸುಜಾತಾ ಬಾಗಿಲು ತಳ್ಳಿ ನಮ್ಮಿಬ್ಬರ ಮುಖ ನೋಡಿ ಬೆಚ್ಚಿದಳು. “ಯವ್ವಾ, ಇಬ್ರೂ ಯಾಕ ಹಂಗ ಹುಬ್ಬ ಏರಿಸಿ ಕುಂತೀರಿ? ನನ್ನ ಸಲುವಾಗಿ ಜಗಳಾಡಿದ್ರೇನು?”

“ಇಲ್ಲವ್ವಾ,” ಎಂದರು ಹಂಪಮ್ಮ ಉಸಿರು ಬಿಡುತ್ತ, “ನಮ್ಮಿಬ್ರದೂ ಭಾಳ ಕೂಡಿಬಂತು.”

ವ್ಯಾಯಾಮದ ಹುಡುಗಿ ಉಡಿಯ ವಿಷಯ ತಿಳಿದು ನನ್ನನ್ನು ಚೆನ್ನಾಗಿ ಬೈದಳು. ಉಡಿಯನ್ನು ಅರ್ಧಕ್ಕೇ ಸಾಕು ಎನ್ನಲು ಬಾರದವರು ಅಷ್ಟು ವರ್ಷ ಅರ್ಜಿಗಳನ್ನು ಹೇಗೆ ವಾಪಸು ಕಳಿಸಿದಿರಿ ಎಂದಳು. ಹಂಪಮ್ಮನವರು ರಾಯಚೂರಿಗೆ ಬಂದು ರಿಂಗ್ ಹಾಕಿಸಿಕೊಂಡು ಹೋದರು. ಮಾನ್ವಿಯ ಆ ಓಣಿಯಲ್ಲಿ ಈಗಲೂ ಹೆಂಗಸರು ಉಡಿ ತುಂಬಿಸಿಕೊಂಡು ‘ಫೂ’ ಎಂದೇ ಏಳುತ್ತಾರೆ. ದೇವದುರ್ಗದಲ್ಲಿ ಈ ಪದ್ಧತಿ ಇಲ್ಲ.

ನನ್ನ ಗರ್ಭಕೋಶ ಮತ್ತಷ್ಟು ಇಳಿದಿಲ್ಲ, ಆಪರೇಷನ್ ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಸುಜಾತಾಳಿಗೆ ಹೆಣ್ಣು ಮಗು. ಎರೆಯುವವಳು ನಾನು, ನೀರಿನ ಕೊಡ ಎತ್ತುವವರು ನಮ್ಮ ಮನೆಯವರು.